ಅಪ್ಪ ಕೊರೆದ ಮಣಿ, ಅಮ್ಮ ಪೋಣಿಸಿದ ಸರ

ಹೋದ ತಿಂಗಳು ನಮ್ಮ ಶಾಲೆಯ ಮಕ್ಕಳಿಗೆ ಕರಕುಶಲ ಕಲಿಸಲು ಬಂದಿದ್ದ ಮೇಷ್ಟ್ರೊಬ್ಬರು ವರಾಂಡದಲ್ಲಿ ಕೂತು ತೆಂಗಿನ ಚಿಪ್ಪಿಗೆ ಡ್ರಿಲ್ಲಿಂಗ್ ಮೆಷಿನ್ನಿನಿಂದ ತೂತು ಕೊರೆಯುತ್ತಿದ್ದರು. ನಾನು ಒಳಗೆ ಹಾಜರಿ ಪುಸ್ತಕ ನೋಡುತ್ತಿದ್ದೆ. ಕಿಟಕಿಯಿಂದ ಆ ವಾಸನೆ ಬಂತು. ಅದು ಸುಟ್ಟ ವಾಸನೆಯೂ ಅಲ್ಲ, ಹುರಿದ ವಾಸನೆಯೂ ಅಲ್ಲ. ಬೆಲ್ಲದ ಪಾಕ ಇನ್ನೇನು ತಳ ಹಿಡಿಯುತ್ತದೆ ಅನ್ನುವಾಗ ಬರುವ ಘಮಕ್ಕೆ ಹಳೇ ಎಣ್ಣೆಯ ಒಂದು ತೊಟ್ಟು ಬೆರೆಸಿದರೆ ಹೇಗಿರುತ್ತದೋ ಹಾಗೆ. ಚಿಪ್ಪು ಕೊರೆದವರ ಮನೆಯಲ್ಲಿ ಬೆಳೆದವರಿಗೆ ಬಿಟ್ಟರೆ ಬೇರೆಯವರಿಗೆ ಅದು ಗೊತ್ತಾಗುವುದಿಲ್ಲ. ನಾನು ಪೆನ್ನು ಕೆಳಗಿಟ್ಟು ಎದ್ದು ಹೋಗಿ ಬಾಗಿಲಲ್ಲಿ ನಿಂತುಬಿಟ್ಟೆ. ನಮ್ಮ ಅಟೆಂಡರ್ ಗಾಬರಿಯಾಗಿ, ತಲೆ ಸುತ್ತುತ್ತಾ ಮೇಡಂ, ನೀರು ತರಲಾ ಎಂದ. ಇಲ್ಲ ಕಣಪ್ಪ, ನಮ್ಮಪ್ಪನ ಅಂಗಿ ಹಿಂಗೇ ವಾಸನೆ ಬರ್ತಿತ್ತು ಎಂದೆ. ಅವನಿಗೆ ಏನು ಅರ್ಥವಾಯಿತೋ, ನೀರು ತಂದೇ ತಂದ.

ನಮ್ಮ ಮನೆ ಇದ್ದದ್ದು ಕಿಬ್ಬನಹಳ್ಳಿ ಕ್ರಾಸಿನ ಅಂಗಡಿ ಸಾಲಿನ ಹಿಂದೆ. ಎರಡು ಅಂಕಣದ ನಾಡಹೆಂಚಿನ ಮನೆ, ಮುಂದೆ ಒಂದು ಜಗಲಿ, ಪಕ್ಕದಲ್ಲಿ ಬಾಷಾ ಸಾಬರ ಟೈಲರ್ ಅಂಗಡಿ. ತಿಪಟೂರಿನಿಂದ ಬರುವ ಬಸ್ಸು, ತುಮಕೂರಿಗೆ ಹೋಗುವ ಬಸ್ಸು, ಚಿಕ್ಕನಾಯಕನಹಳ್ಳಿ ಕಡೆ ತಿರುಗುವ ಬಸ್ಸು, ಎಲ್ಲವೂ ನಮ್ಮ ಗೋಡೆಯ ಬೆನ್ನಿಗೇ ಹಾರ್ನ್ ಹೊಡೆಯುತ್ತಿದ್ದವು. ಈಗ ಆ ಸಾಲು ಇಲ್ಲ, ಆ ಮನೆಯೂ ಇಲ್ಲ. ರಸ್ತೆ ಅಗಲವಾಯಿತು, ನಮ್ಮ ಜಗಲಿಯ ಮೇಲೆ ಲಾರಿಗಳು ಓಡಾಡುತ್ತಿವೆ. ಅಪ್ಪನ ಹೆಸರು ಇನ್ನಾಸಪ್ಪ, ಅಮ್ಮನ ಹೆಸರು ಲೂರ್ದಮ್ಮ. ಇಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ತ್ರೇಸಿ, ಅವರ ಒಬ್ಬಳೇ ಮಗಳು. ನಮ್ಮ ಎರಡೂ ಕಡೆಯ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವಳು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಕಷ್ಟಪಟ್ಟವರಿಗೆ ಹೇಳಿಕೊಳ್ಳುವ ಹಕ್ಕಿದೆ ಎಂದು ನಂಬಿದವಳು ನಾನು.

ಅಪ್ಪ ತೋಟದವರ ಮನೆಗಳಲ್ಲಿ ಕೊಬ್ಬರಿ ಒಡೆಯುವ ಕೆಲಸ ಮಾಡುತ್ತಿದ್ದ. ನಮ್ಮ ಸೀಮೆಯ ಉಂಡೆ ಕೊಬ್ಬರಿ ನಿಮಗೆ ಗೊತ್ತಿರುತ್ತದೆ. ಕಾಯಿಗಳನ್ನು ಅಟ್ಟದ ಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗೊಟಗೊಟ ಎನ್ನುತ್ತದೆ. ಆಮೇಲೆ ಚಿಪ್ಪನ್ನು ಮಾತ್ರ ಒಡೆದು ಕೊಬ್ಬರಿಯನ್ನು ಗುಂಡಗೆ, ಒಂದು ಗೀರೂ ಬೀಳದ ಹಾಗೆ ಈಚೆ ತೆಗೆಯಬೇಕು. ಅಪ್ಪ ಮಚ್ಚಿನ ಬೆನ್ನಿನಿಂದ ಮೂರು ಏಟು ಕೊಟ್ಟರೆ ಚಿಪ್ಪು ಹೂವಿನ ಎಸಳಿನಂತೆ ಬಿಚ್ಚಿಕೊಳ್ಳುತ್ತಿತ್ತು. ಸಂಜೆ ಮನೆಗೆ ಬರುವಾಗ ರಾಶಿಯಿಂದ ಐದಾರು ಚಿಪ್ಪು ಆರಿಸಿ ಟವೆಲ್ಲಿನಲ್ಲಿ ಕಟ್ಟಿಕೊಂಡು ಬರುತ್ತಿದ್ದ. ಒಂದೊಂದನ್ನೂ ಉಗುರಿನಿಂದ ತಟ್ಟಿ ಕಿವಿಗೆ ಹಿಡಿಯುವನು. ಸಪ್ಪೆ ಸದ್ದು ಬಂದರೆ ಒಲೆಗೆ, ಗಟ್ಟಿ ಸದ್ದು ಬಂದರೆ ಜಗಲಿಯ ಮೂಲೆಗೆ. ಅಟ್ಟದ ಮೇಲೆ ವರ್ಷ ಕಳೆದ ಚಿಪ್ಪು ಕಲ್ಲಿನಂತಾಗಿರುತ್ತೆ, ಎಳೇ ಕಾಯಿಯ ಚಿಪ್ಪು ಜಪಕ್ಕೆ ತಡೆಯಲ್ಲ ಎನ್ನುತ್ತಿದ್ದ.

ಜಪಕ್ಕೆ ಅಂದರೆ ಜಪಸರಕ್ಕೆ. ನಮ್ಮವರು ಕೈಯಲ್ಲಿ ಹಿಡಿದು ಮಾತೆ ಮರಿಯಮ್ಮನ ಜಪ ಮಾಡುವ ಮಣಿಸರ ಅದು. ಹತ್ತತ್ತು ಮಣಿಯ ಐದು ಗುಂಪು. ಒಂದೊಂದು ಗುಂಪಿಗೂ ನಾವು ‘ಹತ್ತು’ ಅಂತಲೇ ಹೇಳುವುದು. ನಡುನಡುವೆ ಪರಲೋಕ ಜಪಕ್ಕೆ ಒಂದೊಂದು ದಪ್ಪ ಮಣಿ, ಕೆಳಗೆ ಬಾಲದಂತೆ ಇಳಿದ ಐದು ಮಣಿ, ತುದಿಗೆ ಶಿಲುಬೆ. ಒಟ್ಟು ಐವತ್ತೊಂಬತ್ತು ಮಣಿ. ಅಪ್ಪನಿಗೆ ಈ ವಿದ್ಯೆಯನ್ನು ಯಾರೂ ಕಲಿಸಲಿಲ್ಲ. ಅವನು ಚಿಕ್ಕವನಾಗಿದ್ದಾಗ ಅವನ ಅಜ್ಜಿಯ ಮರದ ಜಪಸರದಲ್ಲಿ ಒಂದು ಮಣಿ ಒಡೆದುಹೋಯಿತಂತೆ. ಅವಳು ಅಳುವುದನ್ನು ನೋಡಲಾರದೆ ಚಿಪ್ಪಿನ ಚೂರೊಂದನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಗುಂಡಗೆ ಮಾಡಿಕೊಟ್ಟ. ಆಮೇಲೆ ಇನ್ನೊಂದು ಒಡೆಯಿತು, ಮತ್ತೊಂದು ಒಡೆಯಿತು. ಅಜ್ಜಿ ಸಾಯುವ ಹೊತ್ತಿಗೆ ಇಡೀ ಸರ ಚಿಪ್ಪಿನದೇ ಆಗಿತ್ತು, ಶಿಲುಬೆ ಮಾತ್ರ ಹಳೆಯದು ಎಂದು ಹೇಳಿ ನಗುತ್ತಿದ್ದ.

ಅವನ ಕೆಲಸ ನೋಡುವುದೇ ಒಂದು ಸೊಗಸು. ಊಟ ಮುಗಿಸಿ, ಕೈಕಾಲು ತೊಳೆದು, ಹಣೆಗೆ ಶಿಲುಬೆ ಗುರುತು ಹಾಕಿಕೊಂಡು ಜಗಲಿಯಲ್ಲಿ ಕೂರುವನು. ಗರಗಸದ ಮುರುಕು ಬ್ಲೇಡಿನಿಂದ ಚಿಪ್ಪನ್ನು ಪಟ್ಟಿ ಪಟ್ಟಿಯಾಗಿ, ಪಟ್ಟಿಯನ್ನು ಚೌಕ ಚೌಕವಾಗಿ ಕೊಯ್ಯುವನು. ತೂತು ಕೊರೆಯಲು ಕೈಬೈರಿಗೆ ಇತ್ತು, ಅದರ ಮೊನೆಯನ್ನು ಸೈಕಲ್ಲಿನ ಕಡ್ಡಿಯಿಂದ ಕಮ್ಮಾರರ ಹತ್ತಿರ ಬಡಿಸಿಕೊಂಡು ಬಂದಿದ್ದ. ಬೈರಿಗೆ ತಿರುಗಿದ ಹಾಗೆ ಕಾಫಿ ಪುಡಿಯಂಥ ಹುಡಿ ಉದುರುವುದು, ಆ ವಾಸನೆ ಏಳುವುದು. ತೂತು ಬಿದ್ದ ಚೂರುಗಳನ್ನು ತಂತಿಗೆ ಸೇರಿಸಿ, ನೀರು ಚಿಮುಕಿಸಿದ ಚಪ್ಪಡಿಯ ಮೇಲೆ ಉರುಳಿಸಿ ಉರುಳಿಸಿ ತಿಕ್ಕಿದರೆ ಮೂಲೆಗಳೆಲ್ಲ ಸವೆದು ಅಲಸಂದೆ ಕಾಳಿನ ಗಾತ್ರದ ಮಣಿಯಾಗುವುದು. ಕೊನೆಗೆ ಹಳೇ ಪಂಚೆಯ ಚೂರಿನಲ್ಲಿ ಒಂದು ತುಂಡು ಕೊಬ್ಬರಿಯ ಜೊತೆ ಕಟ್ಟಿ ಅಂಗೈಯಲ್ಲಿ ಉಜ್ಜುತ್ತಾ ಕೂರುವನು. ಬಿಚ್ಚಿದರೆ ಹುಣಸೆ ಬೀಜದ ಹೊಳಪು. ಇಷ್ಟೆಲ್ಲ ಮಾಡುವಾಗ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಬಸ್ಸಿನ ಕಂಡಕ್ಟರ್‌ನಿಂದ ಹಿಡಿದು ಬಿಷಪ್ಪರವರೆಗೆ ಎಲ್ಲರನ್ನೂ ಅಣಕಿಸುವನು. ದೇವರ ಕೆಲಸ ಮಾಡ್ತಾ ಹಿಂಗೆ ಹರಟಬಾರದು ಎಂದು ಅಮ್ಮ ಗದರಿದರೆ, ‘ಯೇಸುಸ್ವಾಮೀನೂ ಬಡಗಿ ಮನೇಲಿ ಬೆಳೆದೋರೇ ಕಣೇ. ಹಲಗೆ ಹೆರೀತಾ ಮಾತಾಡ್ದೆ ಇರ್ತಿದ್ರಾ?’ ಎನ್ನುವನು.

ಅಮ್ಮನದು ಬೇರೆ ರೀತಿ. ಮಣಿ ಪೋಣಿಸುವುದು ಅವಳ ಪಾಲಿನ ಕೆಲಸ. ಬಾಷಾ ಸಾಬರು ಕೊಟ್ಟ ಗಟ್ಟಿ ದಾರಕ್ಕೆ ಮೇಣ ಸವರಿಕೊಂಡು, ಒಳಮನೆಯ ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ಕೂರುವಳು. ನಮ್ಮಲ್ಲಿ ಮಾರುವುದಕ್ಕೆ ಸರ ಮಾಡುತ್ತಿರಲಿಲ್ಲ. ಜ್ಞಾನಸ್ನಾನಕ್ಕೆ, ಮದುವೆಗೆ, ಹಾಸಿಗೆ ಹಿಡಿದವರಿಗೆ ಎಂದು ಯಾರಾದರೂ ಕೇಳಿ ಮಾಡಿಸಿಕೊಳ್ಳುವರು. ರಾಗಿಯೋ ಅವರೆಕಾಯಿಯೋ ಮನೆಗೆ ತಂದಿಡುವರು. ಸರ ಯಾರಿಗೋ ಅವರ ಹೆಸರು ಹೇಳಿ ಅಮ್ಮ ಶುರು ಮಾಡುವಳು. ಒಂದು ಮಣಿಯನ್ನು ದಾರಕ್ಕೆ ಏರಿಸಿ ಅವರ ಹೆಸರಿನಲ್ಲಿ ಒಂದು ‘ನಮೋ ಮರಿಯ’ ಜಪ ಪೂರ್ತಿ ಹೇಳುವಳು. ಆಮೆನ್ ಅಂದಮೇಲೆಯೇ ಗಂಟು ಹಾಕುವುದು. ಆಮೇಲೆ ಮುಂದಿನ ಮಣಿ. ಅವಳಿಗೆ ಇಪ್ಪತ್ತರ ಮೇಲೆ ಎಣಿಸಲು ಬರುತ್ತಿರಲಿಲ್ಲ. ಆದರೆ ಜಪದ ಹತ್ತು ಅವಳ ನಾಲಿಗೆಯಲ್ಲೇ ಇತ್ತು. ಹತ್ತು ಮುಗಿದಾಗ ಬಾಯಿ ತಾನಾಗೇ ಪಿತನಿಗೂ ಸುತನಿಗೂ ಮಹಿಮೆ ಹೇಳಿಬಿಡುತ್ತಿತ್ತು. ಹೀಗಾಗಿ ಒಬ್ಬರ ಕೈಗೆ ಸರ ಹೋಗುವ ಹೊತ್ತಿಗೆ ಅವರ ಹೆಸರಿನಲ್ಲಿ ಒಂದು ಇಡೀ ಜಪಮಾಲೆ ಮುಗಿದಿರುತ್ತಿತ್ತು.

ಕಷ್ಟ ಬರುತ್ತಿದ್ದುದು ನಡುವೆ ಯಾರಾದರೂ ಕರೆದಾಗ. ನಮ್ಮದು ಕ್ರಾಸಿನ ಮನೆ; ಕರೆಯುವವರಿಗೇನು ಕಮ್ಮಿ? ಲೂರ್ದಮ್ಮ ಒಂದು ಚೊಂಬು ನೀರು ಕೊಡು, ಲೂರ್ದಮ್ಮ ಬಸ್ಸು ಹೋಯ್ತಾ, ಲೂರ್ದಮ್ಮ ನಿಮ್ಮ ಕೋಳಿ ನಮ್ಮ ಕೊಬ್ಬರಿ ಕುಕ್ತಾ ಅದೆ. ಅವಳು ಎದ್ದು ಹೋಗಿ ಬರುವಳು. ಬಂದಮೇಲೆ ಅರ್ಧಕ್ಕೆ ನಿಂತ ಜಪ ಲೆಕ್ಕಕ್ಕಿಲ್ಲ. ಮಾತೆಗೆ ಅರ್ಧ ಜಪ ಕೊಡುವಂತಿಲ್ಲ. ಮೊದಲಿಂದ ಹೇಳಬೇಕು. ಅದೇ ಮಣಿಯ ಮೇಲೆ ಹೇಳಬಹುದಲ್ಲ ಅಂದರೆ ಒಪ್ಪುತ್ತಿರಲಿಲ್ಲ. ‘ಉಂಡ ಎಲೆ ಮೇಲೆ ಇನ್ನೊಂದ್ಸಲ ಬಡಿಸ್ತಾರಾ?’ ಎನ್ನುವಳು. ತೆಗೆದುಹಾಕು ಅಂದರೆ, ಅರ್ಧ ಜಪ ಉಂಡ ಮಣಿಯನ್ನು ಈಚೆಗೆ ಎಸೆಯುವುದು ಇನ್ನೂ ಪಾಪ. ಹಾಗಾಗಿ ಆ ಮಣಿ ಅಲ್ಲೇ ಉಳಿಯುತ್ತಿತ್ತು, ಪಕ್ಕದಲ್ಲಿ ಹೊಸ ಮಣಿ ಏರುತ್ತಿತ್ತು, ಹತ್ತರ ಜಾಗದಲ್ಲಿ ಹನ್ನೊಂದಾಗುತ್ತಿತ್ತು. ಕೊನೆಯ ಹತ್ತಕ್ಕೆ ಬರುವಾಗ ತಟ್ಟೆ ಖಾಲಿ. ನೀವು ಕಮ್ಮಿ ಕೊಟ್ಟಿದ್ದೀರ ಎಂದು ಅವಳು, ಐವತ್ತೊಂಬತ್ತು ಎಣಿಸಿಕೊಟ್ಟಿದ್ದೀನಿ ಕಣೇ ಎಂದು ಅವನು. ಈ ಜಗಳ ನಾನು ಹುಟ್ಟುವ ಮುಂಚಿನಿಂದ ನಡೆಯುತ್ತಿತ್ತಂತೆ. ಅಪ್ಪ ಕೊನೆಗೆ ಗೊಣಗುತ್ತಾ ಇನ್ನೆರಡು ಮಣಿ ಕೊರೆದುಕೊಡುವನು. ನಮ್ಮ ಚರ್ಚಿನವರಿಗೆಲ್ಲ ಇದು ಗೊತ್ತಿತ್ತು. ಯಾರ ಸರದಲ್ಲಿ ಎಷ್ಟನೇ ಹತ್ತು ಉದ್ದ ಎಂದು ಅವರವರಿಗೆ ಬಾಯಿಪಾಠ. ನನ್ನ ಸರದಲ್ಲಿ ಮೂರನೇ ಹತ್ತಕ್ಕೆ ತೂಕ ಜಾಸ್ತಿ ಎಂದು ಒಬ್ಬರು, ನನ್ನದರಲ್ಲಿ ಎರಡು ಕಡೆ ಬೋನಸ್ ಎಂದು ಇನ್ನೊಬ್ಬರು ನಗುತ್ತಿದ್ದರು. ಬೇಸರಪಟ್ಟವರನ್ನು ನಾನು ಕಾಣೆ.

ಚರ್ಚು ಅಂದರೆ ಆಗ ತೋಟದ ನಡುವಿನ ಒಂದು ಶೀಟಿನ ಮನೆ. ದಂಡಿನಶಿವರದಿಂದ, ಚಿಕ್ಕನಾಯಕನಹಳ್ಳಿಯಿಂದ ಬಸ್ಸು ಹಿಡಿದು ಬರುವವರನ್ನೆಲ್ಲ ಸೇರಿಸಿದರೆ ನಮ್ಮದು ಬಿಟ್ಟು ನಲವತ್ತು ಮನೆ. ನಾನು ತಿಪಟೂರಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಹೊಸ ಚರ್ಚಿನ ಗೋಡೆ ಎದ್ದಿತು, ಒಬ್ಬರು ಹೊಸ ಫಾದರ್ ಬಂದರು. ಹುರುಪಿನವರು, ಒಳ್ಳೆಯವರು, ಎಲ್ಲದಕ್ಕೂ ಪಟ್ಟಿ ಮಾಡುವವರು. ಸೆಪ್ಟೆಂಬರಿನ ಮಾತೆಯ ಹಬ್ಬಕ್ಕೆ ಬಿಷಪ್ಪರು ಬಂದು ಚರ್ಚನ್ನು ಆಶೀರ್ವದಿಸುತ್ತಾರೆ, ಆ ದಿನ ನಲವತ್ತು ಮನೆಗೂ ಒಂದೊಂದು ಹೊಸ ಜಪಸರ, ಎಲ್ಲರೂ ಒಟ್ಟಿಗೆ ಹೊಸ ಸರದಲ್ಲಿ ಜಪ, ಐದು ಹತ್ತನ್ನು ಐದು ಮನೆಯವರು ನಡೆಸಬೇಕು ಎಂದು ನಿಶ್ಚಯವಾಯಿತು. ನಿಮ್ಮ ಕೈಯಲ್ಲೇ ಆಗಲಿ ಎಂದು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲ ವಾರ ಅಪ್ಪ ಅಮ್ಮನನ್ನು ಕೇಳಲು ಅವರೇ ಮನೆಗೆ ಬಂದರು. ಅಮ್ಮ ಸೆರಗು ಹೊದ್ದು ಗೋಡೆಗೆ ಒರಗಿ ನಿಂತಿದ್ದಳು. ಮುಖದಲ್ಲಿ ಮದುವೆ ಹೆಣ್ಣಿನ ಕಳೆ. ಅಪ್ಪ ಆಗತಾನೆ ಮುಗಿದಿದ್ದ ಒಂದು ಸರವನ್ನು ಮಾದರಿಗೆಂದು ಫಾದರ್ ಕೈಗೆ ಕೊಟ್ಟ. ಅವರು ಸುಮ್ಮನೆ ಬೆರಳಾಡಿಸುತ್ತಾ ಹೋದವರು ನಿಂತರು. ಹಿಂದೆ ಬಂದು ಮತ್ತೆ ಎಣಿಸಿದರು.

ಅವರು ಬಯ್ಯಲಿಲ್ಲ. ಆದರೆ ಹೇಳಬೇಕಾದ್ದನ್ನು ಹೇಳಿದರು. ಒಬ್ಬೊಬ್ಬರ ಸರದಲ್ಲಿ ಒಂದೊಂದು ಲೆಕ್ಕ ಇದ್ದರೆ ಐದು ಮನೆಯವರು ನಡೆಸುವ ಜಪ ಬಿಷಪ್ಪರ ಮುಂದೆ ಸಂತೆಯಾಗುತ್ತದೆ. ಹತ್ತು ಅಂದರೆ ಹತ್ತೇ ಇರಬೇಕು. ಆಗುವುದಿಲ್ಲ ಅಂದರೆ ಪರವಾಗಿಲ್ಲ, ಬೆಂಗಳೂರಿನಲ್ಲಿ ಡಬ್ಬಿಯಲ್ಲಿ ಸಿಗುತ್ತವೆ, ತರಿಸೋಣ. ಮಣಿ ಹನ್ನೊಂದಾದ್ರೂ ಜಪ ಹತ್ತೇ ಸ್ವಾಮಿ ಎಂದು ಅಮ್ಮ ಮೆಲ್ಲಗೆ ಹೇಳಿದ್ದು ಅವರಿಗೆ ತಿಳಿಯಲಿಲ್ಲ. ಅವರು ಹೋದಮೇಲೆ ಅಮ್ಮ ಒಲೆ ಮುಂದೆ ಕೂತು ಎಷ್ಟೋ ಹೊತ್ತು ಏಳಲಿಲ್ಲ. ಅಷ್ಟು ವರ್ಷ ತಾನು ಮಾಡಿದ್ದು ಪೂಜೆಯೋ ತಪ್ಪೋ ಎನ್ನುವುದು ಅವಳ ಪ್ರಶ್ನೆಯಾಗಿತ್ತು. ಡಬ್ಬಿಯ ಸರ ಬಂದುಬಿಟ್ಟರೆ ಉತ್ತರ ಸಿಕ್ಕಿಬಿಡುತ್ತಿತ್ತು.

ಕಾಲೇಜಿನವಳು ನಾನು, ಇದಕ್ಕೇನು ಮಹಾ ಎಂದು ಉಪಾಯ ಮಾಡಿದೆ. ಒಂದು ಹಲಗೆ ತಂದು, ಜಪಸರದ ಆಕಾರದಲ್ಲಿ ಐವತ್ತೊಂಬತ್ತು ಕುಳಿ ತೋಡಿಸಿದೆ. ಎಲ್ಲ ಕುಳಿಗೂ ಮಣಿ ತುಂಬಿಸು, ಸಾಲಾಗಿ ಪೋಣಿಸು, ಜಪ ಆಮೇಲೆ ಎಷ್ಟು ಬೇಕಾದರೂ ಮಾಡಿಕೋ ಎಂದೆ. ಅಮ್ಮ ನನ್ನ ಮಾತಿಗೆ ಬೆಲೆ ಕೊಡುತ್ತಿದ್ದಳು, ಓದಿದ ಮಗಳು ಎಂದು. ಮಾಡಿದಳು. ಎರಡು ಮೂರು ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ನಾನು ಎಣಿಸಿದೆ, ಐವತ್ತೊಂಬತ್ತು, ಹತ್ತಕ್ಕೆ ಹತ್ತೇ. ಅಮ್ಮ ಅದನ್ನು ಅಂಗೈಯಲ್ಲಿಟ್ಟು, ತಿರುವಿ ಮುರುವಿ ನೋಡಿ, ‘ಇದ್ರಲ್ಲಿ ಯಾರೂ ಇಲ್ಲ ಕಣೇ ತ್ರೇಸಿ’ ಎಂದಳು. ಕತ್ತರಿ ತಂದು ದಾರ ಕತ್ತರಿಸಿ, ಮಣಿಗಳನ್ನು ತಟ್ಟೆಗೆ ಸುರಿದಳು. ನನಗೆ ಕೋಪ ಬಂತು. ಈ ಮನೆಯಲ್ಲಿ ಲೆಕ್ಕ ಕಲಿತು ಏನು ಉಪಯೋಗ ಎಂದುಕೊಂಡೆ.

ದಾರಿ ಕಂಡವನು ಅಪ್ಪ. ಅಷ್ಟು ವರ್ಷ ಜಗಳವಾಡಿದ್ದವನು ಆ ದಿನ ಮೊದಲ ಸಲ ಅವಳ ಪರವಾಗಿ ತೀರ್ಪು ಕೊಟ್ಟ. ತಪ್ಪು ಪೋಣಿಸೋಳ್ದಲ್ಲ, ಕರೆಯೋರ್ದು, ಕರೆಯೋರ ಬಾಯಿ ಕಟ್ಟಿದ್ರೆ ಹತ್ತು ಹತ್ತಾಗೇ ಇರುತ್ತೆ ಎಂದ. ಮಾರನೆಯ ದಿನವೇ ತನ್ನ ಕೆಂಪು ಟವೆಲ್ಲನ್ನು ಬಾಗಿಲಿಗೆ ನೇತುಹಾಕಿದ. ಟವೆಲ್ ಇದ್ದರೆ ಒಳಗೆ ಜಪ ನಡೆಯುತ್ತಿದೆ, ಯಾರೂ ಕರೆಯಕೂಡದು, ಕೂಗಕೂಡದು, ಒಂದು ಹತ್ತು ಮುಗಿದಾಗ ಅಮ್ಮ ಒಳಗಿಂದ ಚೊಂಬು ಕುಟ್ಟುತ್ತಾಳೆ, ಆಗ ಏನಿದ್ದರೂ ಹೇಳಬಹುದು ಎಂದು ಇಡೀ ಸಾಲಿಗೆ ಡಂಗುರ ಹೊಡೆದು ಬಂದ. ತಾನು ಬೆಳಗಿನ ಕೊಬ್ಬರಿ ಕೆಲಸ ಮುಗಿಸಿ ಬಂದು ಜಗಲಿಯಲ್ಲಿ ಕಾವಲು ಕೂರುವನು. ಮಣಿ ತಿಕ್ಕುವ ಚಪ್ಪಡಿಯನ್ನೂ ಬೇಲಿಯ ಆಚೆಗೆ ಸಾಗಿಸಿದ. ಎಲ್ಲಕ್ಕಿಂತ ಕಷ್ಟದ್ದು ಎಂದರೆ ತನ್ನ ಬಾಯಿ ಮುಚ್ಚಿಕೊಂಡದ್ದು. ಅಮ್ಮನಿಗೆ ಅದೇ ಮೊದಲ ಪವಾಡದಂತೆ ಕಂಡಿತು.

ಆ ಆರು ತಿಂಗಳು ನಮ್ಮ ಸಾಲಿನ ಚಂದವನ್ನು ಹೇಗೆ ಹೇಳಲಿ. ಸೊಪ್ಪು ಮಾರುವವಳು ದಂಟಿನ ಕಟ್ಟು ಎತ್ತಿ ಹಿಡಿದು ಬೆರಳಿನಲ್ಲೇ ವ್ಯಾಪಾರ ಮಾಡುವಳು, ಅಪ್ಪ ಬೆರಳಿನಲ್ಲೇ ಚೌಕಾಸಿ ಮಾಡುವನು. ಹೋಟೆಲಿನವನು ದೋಸೆ ಕಲ್ಲಿನ ಮೇಲೆ ಸಟ್ಟುಗ ಬಡಿಯುವುದನ್ನು ಬಿಟ್ಟ. ಬಾಷಾ ಸಾಬರು ಟವೆಲ್ ಕಂಡ ಕೂಡಲೇ ಹೊಲಿಗೆ ಮೆಷಿನ್ ನಿಲ್ಲಿಸಿ ಕಾಜಾ ಗುಂಡಿಯ ಕೈಕೆಲಸಕ್ಕೆ ಕೂರುವರು. ಅಪ್ಪ ಸಂಕೋಚದಿಂದ, ನಿಮ್ಮ ಕೆಲಸ ಕೆಡ್ತದೆ ಸಾಬ್ರೆ ಎಂದಾಗ, ‘ನಮ್ಮಲ್ಲೂ ತಸ್ಬಿ ಸರ ಇದೆ ಇನ್ನಾಸಪ್ಪ. ನಡುವೆ ಯಾರಾದ್ರೂ ಮಾತಾಡ್ಸಿದ್ರೆ ಏನಾಗುತ್ತೆ ಅಂತ ನಂಗೊತ್ತು’ ಎಂದರು. ಬಸ್ಸಿನ ಹಾರ್ನ್ ನಿಲ್ಲಿಸಲು ಆಗಲಿಲ್ಲ, ಆದರೆ ಹಾರ್ನ್ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲವಲ್ಲ, ಅಮ್ಮನಿಗೆ ಅದು ತೊಂದರೆಯಾಗಲಿಲ್ಲ. ತೊಂದರೆ ಕೊಟ್ಟದ್ದು ನಮ್ಮ ಹುಂಜ. ಅದಕ್ಕೆ ಟವೆಲ್ಲಿನ ಕಾನೂನು ತಿಳಿಯಲೇ ಇಲ್ಲ. ಎರಡು ಸಲ ಕಿಟಕಿ ಹತ್ತಿ ಕೂಗಿ, ಓಡಿಸಲು ಅಮ್ಮನನ್ನು ಜಪದ ನಡುವೆಯೇ ಎಬ್ಬಿಸಿತು. ಎರಡು ಸರ ಹನ್ನೊಂದಾಯಿತು. ಅವನ್ನು ಅಮ್ಮ ಬೇರೆ ಇಟ್ಟಳು. ಈಸ್ಟರಿನ ಪಾಸ್ಕ ಹಬ್ಬದ ದಿನ ಹುಂಜ ಸಾರಾಯಿತು. ದೇವರ ಕೆಲಸಕ್ಕೆ ಅಡ್ಡ ಬಂದ್ರೆ ಹಿಂಗೇ ಎಂದು ಅಪ್ಪ ಅದರ ಕಾಲು ಚೀಪುತ್ತಾ ಉಪದೇಶ ಮಾಡಿದ.

ಜುಲೈ ತಿಂಗಳಿನಲ್ಲಿ ನನ್ನ ರಿಸಲ್ಟ್ ಬಂತು. ತಿಪಟೂರಿನ ಕಾಲೇಜಿನ ನೋಟಿಸ್ ಬೋರ್ಡಿನ ಮುಂದೆ ನೂಕುನುಗ್ಗಲಿನಲ್ಲಿ ನನ್ನ ನಂಬರು ಹುಡುಕಿದೆ. ಫಸ್ಟ್ ಕ್ಲಾಸಿನ ಪಟ್ಟಿಯಲ್ಲಿತ್ತು. ಮೂರು ವರ್ಷ ಒಂದೇ ಜೊತೆ ಚಪ್ಪಲಿಯಲ್ಲಿ, ಬಸ್ ಪಾಸಿನಲ್ಲಿ, ಇನ್ನೊಬ್ಬರ ನೋಟ್ಸಿನಲ್ಲಿ ಓದಿದವಳು ನಾನು. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಅಮ್ಮನಿಗೆ ಯಾವ ಮಾತಿನಲ್ಲಿ ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಕ್ರಾಸಿನಲ್ಲಿ ಇಳಿದು ಓಡಿದೆ. ಬಾಗಿಲಲ್ಲಿ ಟವೆಲ್ ನೇತಾಡುತ್ತಿತ್ತು. ಜಗಲಿಯಲ್ಲಿ ಅಪ್ಪ. ನನ್ನ ಮುಖ ನೋಡಿದ, ಎದ್ದು ನಿಂತ, ಕಣ್ಣರಳಿಸಿದ, ಆಮೇಲೆ ತುಟಿಯ ಮೇಲೆ ಬೆರಳಿಟ್ಟ.

ನಾನು ಹೊಸ್ತಿಲ ಮೇಲೆ ನಿಂತೆ. ಒಳಗೆ ಅಮ್ಮ ಬೆನ್ನು ತಿರುಗಿಸಿ ಕೂತಿದ್ದಳು. ತುಟಿಯ ಪಿಸುಗುಟ್ಟುವಿಕೆ ಕೇಳುತ್ತಿತ್ತು. ಒಂದು ಆಮೆನ್, ಒಂದು ಗಂಟು, ತಟ್ಟೆಯಲ್ಲಿ ಮಣಿ ಸರಿದ ಸದ್ದು, ಮತ್ತೆ ನಮೋ. ತಿರುಗಿ ನೋಡುತ್ತಾಳೆ ಎಂದುಕೊಂಡೆ. ನೋಡಲಿಲ್ಲ. ನಿಜ ಹೇಳುತ್ತೇನೆ, ನನಗೆ ಅಳು ಬರುವಷ್ಟು ಸಿಟ್ಟು ಬಂತು. ನಮ್ಮ ವಂಶಕ್ಕೇ ಒಬ್ಬಳು ಪದವೀಧರೆ ಬಾಗಿಲಲ್ಲಿ ನಿಂತಿದ್ದಾಳೆ, ಯಾರದೋ ಮನೆಯ ಸರ ಅವಳಿಗಿಂತ ಹೆಚ್ಚಾಯಿತೇ ಎಂದು. ಬಾಯಿ ತೆರೆದೆ ಕೂಡ. ಆಗ ಪಕ್ಕದಲ್ಲಿ ಮೆಷಿನ್ ಮುಂದೆ ಕೈಕಟ್ಟಿ ಕೂತಿದ್ದ ಬಾಷಾ ಸಾಬರು, ಸಟ್ಟುಗವನ್ನು ಗಾಳಿಯಲ್ಲೇ ಹಿಡಿದು ನಿಂತ ಹೋಟೆಲಿನವನು, ಅಪ್ಪ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಷ್ಟು ಜನ ಅಷ್ಟು ತಿಂಗಳು ನುಂಗಿಕೊಂಡ ಮಾತಿನ ಮುಂದೆ ನನ್ನ ಮಾತು ಹೊರಗೆ ಬರಲಿಲ್ಲ. ನಿಂತೆ. ಅಪ್ಪನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬೆರಳು ಮಾತ್ರ ತುಟಿಯ ಮೇಲೇ ಇತ್ತು.

ಕೊನೆಗೆ ಚೊಂಬು ಕುಟ್ಟಿದ ಸದ್ದಾಯಿತು. ಅಮ್ಮ ತಿರುಗಿದಳು. ಅವಳ ಮುಖವೆಲ್ಲ ಒದ್ದೆ. ಪಾಸಾದೆಯಲ್ಲ ಎಂದಳು. ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ‘ಫೇಲಾಗಿದ್ರೆ ನೀನು ನಿಂತ್ಕೊಂಡು ಕಾಯ್ತಿದ್ದಾ? ನಿನ್ನ ಚಪ್ಪಲಿ ಸದ್ದು ಬಾಗಿಲಿಗೆ ಬಂದಾಗ ಮೂರನೇ ಮಣಿ. ಮಿಕ್ಕ ಏಳೂ ನಿನ್ನ ಹೆಸರಲ್ಲೇ ಹೇಳ್ಬುಟ್ಟೆ ಕಣೇ’ ಎಂದಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು. ಸರ ಸಂತೆಗೆ ಮಡಕೆ ತರುವ ರಾಯಪ್ಪನ ಮನೆಯದು. ಅವರ ಪಾಲಿನ ಏಳು ಜಪ ನನಗೆ ಬಂದುಬಿಟ್ಟಿತ್ತು. ಅಪ್ಪ ಎಣಿಸಿ ನೋಡಿದ, ಹತ್ತು, ಹತ್ತೇ. ಸಂಜೆ ಅಮ್ಮ ಸಕ್ಕರೆ ಪೊಟ್ಟಣ ಹಿಡಿದು ರಾಯಪ್ಪನ ಮನೆಗೆ ಹೋಗಿ, ಮಗಳು ಪಾಸಾದ ಸಂಗತಿ ಹೇಳಿ, ನಿಮ್ಮ ಏಳು ಜಪ ಬಾಕಿ ಇದೆ ಎಂದು ಒಪ್ಪಿಕೊಂಡು, ಅಲ್ಲೇ ಕೂತು ಅವರ ಜೊತೆ ಹೇಳಿ ಬಂದಳು. ಡಿಗ್ರಿ ತಗೊಂಡ ಮೇಲೆ ನನಗೆ ಎಷ್ಟೋ ಜನ ಶಾಲು ಹೊದಿಸಿದ್ದಾರೆ. ಆ ಏಳರ ಮುಂದೆ ಅವು ಏನೂ ಅಲ್ಲ.

ಹಬ್ಬದ ದಿನ ಬಿಷಪ್ಪರು ಬಂದರು. ಬಲಿಪೀಠದ ಮೆಟ್ಟಿಲ ಮೇಲೆ ಒಂದು ದೊಡ್ಡ ಹಿತ್ತಾಳೆ ತಟ್ಟೆ, ಅದರಲ್ಲಿ ನಲವತ್ತು ಸರ, ಕಡುಗಂದು, ಎಣ್ಣೆಯ ಹೊಳಪು. ಹೊಸ ಸುಣ್ಣದ ವಾಸನೆಯ ಮೇಲೆ ಕೊಬ್ಬರಿಯ ವಾಸನೆ ತೇಲುತ್ತಿತ್ತು. ಮನೆಮನೆಗೂ ಕೊಟ್ಟು ಮುಗಿದಮೇಲೆ ಜಪ ಶುರುವಾಯಿತು. ಅಮ್ಮ ಹಿಂದಿನ ಚಾಪೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು, ಅವಳ ಕೈಯಲ್ಲಿ ಏನೂ ಇರಲಿಲ್ಲ. ಒಂದೊಂದು ಮನೆಯವರು ಎದ್ದು ನಿಂತು ಒಂದೊಂದು ಹತ್ತು ನಡೆಸಿದರು. ಮೊದಲನೆಯದು ಮುಗಿದಾಗ ಇಡೀ ಚರ್ಚು ಒಂದೇ ಉಸಿರಿನಲ್ಲಿ ಮಹಿಮೆ ಹೇಳಿತು. ಎರಡನೆಯದು, ಮೂರನೆಯದು, ನಾಲ್ಕನೆಯದೂ ಹಾಗೆಯೇ. ಐದನೆಯದನ್ನು ನಡೆಸಿದವಳು ದಂಡಿನಶಿವರದ ಮಾಗ್ದಲಮ್ಮ, ಅರವತ್ತು ದಾಟಿದ ಗಟ್ಟಿ ದನಿಯ ಹೆಂಗಸು. ಅವಳ ಹತ್ತನೇ ಆಮೆನ್ ಆದಾಗ ಗಂಡಸರ ಕಡೆಯಿಂದ ಅಪ್ಪ ತಿರುಗಿ ಅಮ್ಮನನ್ನು ನೋಡಿದ. ಅಮ್ಮ ಕಣ್ಣು ಬಿಡಲಿಲ್ಲ, ಮುಖ ಮಾತ್ರ ಬಿಚ್ಚಿಕೊಂಡಿತು. ಊಟದ ಹೊತ್ತಿನಲ್ಲಿ ಫಾದರ್ ಹತ್ತಿರ ಬಂದು, ಹಿಂದಿನ ದಿನ ತಾವು ಒಂದೊಂದನ್ನೂ ಕೂತು ಎಣಿಸಿದ್ದಾಗಿ, ಒಂದರಲ್ಲೂ ತಪ್ಪಿಲ್ಲವೆಂದು ಹೇಳಿ, ಅನುಮಾನಪಟ್ಟಿದ್ದಕ್ಕೆ ಕ್ಷಮಿಸಬೇಕೆಂದು ಕೇಳಿದರು. ಬರೀ ಎಣಿಸಿದ್ರಾ ಸ್ವಾಮಿ, ಜಪ ಮಾಡಲಿಲ್ವಾ ಎಂದು ಅಮ್ಮ ಕೇಳಿದಳು. ಅವರು ನಕ್ಕು, ಬರೀ ಎಣಿಸಿದೆ ಎಂದರು. ಹಂಗಾದ್ರೆ ಇನ್ನೊಂದ್ಸಲ ಕೂತ್ಕೊಳಿ ಎಂದಳು.

ಆಮೇಲೆ ಏಳೆಂಟು ವರ್ಷ ಅಪ್ಪ ಇದ್ದ, ಟವೆಲ್ಲೂ ಇತ್ತು. ಅವನು ಹೋದಮೇಲೆ ಅಮ್ಮ ಪೋಣಿಸಲಿಲ್ಲ. ಬೇರೆಯವರು ಕೊರೆದ ಮಣಿ ನಂಗೆ ಮಾತಾಡಲ್ಲ ಎನ್ನುತ್ತಿದ್ದಳು. ಈಗ ನೀವು ಯಾರಾದರೂ ಆ ಸರಗಳನ್ನು ನೋಡಬೇಕು ಎಂದರೆ ನಾನು ತೋರಿಸಲಾರೆ. ಮಾರಿದ್ದರೆ ಎಲ್ಲಾದರೂ ಸಿಗುತ್ತಿದ್ದವು. ನಮ್ಮಲ್ಲಿ ತೀರಿಹೋದವರನ್ನು ಪೆಟ್ಟಿಗೆಯಲ್ಲಿ ಮಲಗಿಸುವಾಗ ಅವರ ಜಪಸರವನ್ನು ಬೆರಳಿಗೆ ಸುತ್ತಿ ಜೊತೆಗೇ ಕಳಿಸುತ್ತೇವೆ. ಒಬ್ಬೊಬ್ಬರೇ ಹೋದಂತೆ ಅಪ್ಪ ಅಮ್ಮನ ಕೆಲಸವೂ ಒಂದೊಂದೇ ಚರ್ಚಿನ ಹಿಂದಿನ ಮಣ್ಣಿಗೆ ಇಳಿಯಿತು. ಅಪ್ಪನ ಬೆರಳಿಗೆ, ಹುಂಜ ಕೆಡಿಸಿದ್ದ ಎರಡು ಸರಗಳಲ್ಲಿ ಒಂದನ್ನು ಅಮ್ಮನೇ ಸುತ್ತಿದಳು. ಇನ್ನೊಂದನ್ನು ಯಾವಾಗಲೋ ಯಾರಿಗೋ ಕೊಟ್ಟಿದ್ದಳು. ಹೀಗಾಗಿ ಅವಳು ತೀರಿಕೊಂಡ ಬೆಳಿಗ್ಗೆ ನಾನು ಮನೆಯೆಲ್ಲ ಹುಡುಕಿದರೆ ಒಂದು ಚಿಪ್ಪಿನ ಸರ ಇಲ್ಲ. ಊರಿಗೆಲ್ಲ ಪೋಣಿಸಿಕೊಟ್ಟವಳ ಹಾಸಿಗೆಯ ಕೆಳಗೆ ಇದ್ದದ್ದು ಜಾತ್ರೆಯಲ್ಲಿ ಕೊಂಡ ನೀಲಿ ಪ್ಲಾಸ್ಟಿಕ್ಕಿನದು. ಅದನ್ನೇ ಹಿಡಿದು ಅವಳ ತಲೆಯ ಹತ್ತಿರ ಕೂತಿದ್ದೆ.

ದಂಡಿನಶಿವರದಿಂದ ಮಾಗ್ದಲಮ್ಮ ಬಂದಳು. ಎಂಬತ್ತರ ಹತ್ತಿರವಾಗಿತ್ತು, ಬೆನ್ನು ಬಾಗಿತ್ತು. ನನ್ನ ಕೈಯಲ್ಲಿದ್ದುದನ್ನು ನೋಡಿದಳು. ಎಲೆಅಡಿಕೆ ಚೀಲದ ಒಳಗಿಂದ ತನ್ನ ಸರವನ್ನು ತೆಗೆದಳು. ಇಷ್ಟು ವರ್ಷ ಬೆರಳಾಡಿ ಅದು ಕಪ್ಪಗೆ, ನೀರಿನಲ್ಲಿ ನೆನೆದ ಕಲ್ಲಿನ ಹಾಗೆ ಹೊಳೆಯುತ್ತಿತ್ತು. ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅದನ್ನು ಸುತ್ತಿದಳು. ಅಜ್ಜಿ, ಇದು ನಿಮ್ಮದು, ನಿಮ್ಮ ಹೆಸರಲ್ಲಿ ಪೋಣಿಸಿದ್ದು, ನಾಳೆ ನಿಮಗೆ ಎಂದು ನಾನು ತೊದಲಿದೆ. ಅವಳು ತನ್ನ ಎರಡೂ ಕೈ ಬಿಡಿಸಿ ನನ್ನ ಮುಂದೆ ಹಿಡಿದಳು.

‘ನಂಗೆ ಬೆರಳವೆ ಬುಡು ಮಗ. ಹತ್ತೇ ಅವೆ.’

ಎಡಗೈ ಕಿರುಬೆರಳು ಹಿಡಿದುಕೊಂಡು ನಮೋ ಎಂದು ಶುರು ಮಾಡಿದಳು. ನಾವೆಲ್ಲ ಅವಳ ಹಿಂದೆ ಹೇಳಿದೆವು.